ನಡು ಸುಡದ ಪಟ

ಫೆಬ್ರವರಿ ಮೊದಲ ವಾರ ರಾತ್ರಿ ಒಂಬತ್ತರ ಹೊತ್ತಿಗೆ ಮಹಾವ್ಯಾಧ ಮೈಸೂರಿನ ನೆತ್ತಿಯ ಹತ್ತಿರ ಬಂದಿರುತ್ತಾನೆ. ಅವನ ಸೊಂಟದ ಮೂರು ನಕ್ಷತ್ರಗಳ ಕೆಳಗೆ ಜೋಲುವ ಕತ್ತಿಯಲ್ಲಿದೆ ಎಂ42, ಅಂದರೆ ಓರಿಯನ್ ನೀಹಾರಿಕೆ. ನಮ್ಮಲ್ಲಿ ಅದು 72 ಡಿಗ್ರಿ ಎತ್ತರಕ್ಕೇರುತ್ತದೆ. ಲಂಡನ್ನಿನಲ್ಲಿ ಹೆಚ್ಚೆಂದರೆ 33. ಊರಿನ ಬೆಳಕನ್ನು ಬಯ್ಯುವ ಮುಂಚೆ ಈ ಲಾಭವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೆಳಕಿನ ಕಾಟವಂತೂ ಇದ್ದೇ ಇದೆ. ಭಾನುವಾರದ ಅರಮನೆ ದೀಪಗಳ ಮೇಲೆ ನನಗೆ ಸಿಟ್ಟಿಲ್ಲ, ಅವು ಸಂಜೆಯೇ ಆರುತ್ತವೆ. ರಾತ್ರಿಯಿಡೀ ಉರಿಯುವ ಬಿಳಿ ಎಲ್‌ಇಡಿ ಬೀದಿದೀಪಗಳದ್ದೇ ತಕರಾರು. ತಾರಸಿಯ ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು, ಕಣ್ಣು ಕತ್ತಲಿಗೆ ಹೊಂದುವವರೆಗೆ ಕಾಲು ಗಂಟೆಯಾದರೂ ಕಾಯಿರಿ. ಮೊಬೈಲ್ ಜೇಬಿನಲ್ಲೇ ಇರಲಿ.

ಆರಿಂಚಿನ ಡಾಬ್ಸೋನಿಯನ್ ದೂರದರ್ಶಕದಲ್ಲಿ ಕಾಣುವುದು ಬೂದು-ಹಸಿರು ಮಂಜು, ಅದರ ಎದೆಯಲ್ಲಿ ಟ್ರಪೀಜಿಯಮ್‌ನ ನಾಲ್ಕು ಚುಕ್ಕೆಗಳು. ಆ ಎಳೆಯ ನಕ್ಷತ್ರಗಳ ಅತಿನೇರಳೆ ಕಿರಣಗಳೇ ಸುತ್ತಲ ಅನಿಲವನ್ನು ಬೆಳಗಿಸುತ್ತಿರುವುದು. ಪಟದ ಗುಲಾಬಿ ಬಣ್ಣ ಕಣ್ಣಿಗೇಕಿಲ್ಲ ಎಂದು ಹೊಸಬರು ಪೆಚ್ಚಾಗುತ್ತಾರೆ. ಜಲಜನಕದ 656 ನ್ಯಾನೋಮೀಟರಿನ ಕೆಂಪಿಗೆ ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕುರುಡು, ಅಷ್ಟೆ.

1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಈ ನೀಹಾರಿಕೆಯ ಮೊದಲ ಪಟ ತೆಗೆದಾಗ ಪ್ಲೇಟನ್ನು 51 ನಿಮಿಷ ತೆರೆದಿಡಬೇಕಾಯಿತು. ಮೂರೇ ವರ್ಷಗಳಲ್ಲಿ ಇಂಗ್ಲೆಂಡಿನ ಹವ್ಯಾಸಿ, ವೃತ್ತಿಯಲ್ಲಿ ಎಂಜಿನಿಯರ್ ಆಗಿದ್ದ ಆಂಡ್ರೂ ಕಾಮನ್ ತೆಗೆದ ಪಟದಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದವು. ಇಂದು ಟ್ರೈಪಾಡ್, ಹಳೆಯ ಡಿಎಸ್‌ಎಲ್‌ಆರ್, 200 ಮಿಲಿಮೀಟರ್ ಲೆನ್ಸ್ ಇದ್ದರೆ ಸಾಕು. ಆಕಾಶದ ಚಲನೆಯನ್ನು ಹಿಂಬಾಲಿಸುವ ಟ್ರ್ಯಾಕರ್ ಇಲ್ಲದಿದ್ದರೆ ಒಂದು ಸೆಕೆಂಡಿಗಿಂತ ಹೆಚ್ಚು ತೆರೆಯಬೇಡಿ, ನಕ್ಷತ್ರಗಳು ಗೆರೆಯಾಗುತ್ತವೆ. ಅಂಥ ಮುನ್ನೂರು ಪಟಗಳನ್ನು ರಾ ರೂಪದಲ್ಲಿ ತೆಗೆದು ಡೀಪ್‌ಸ್ಕೈಸ್ಟ್ಯಾಕರ್ ತಂತ್ರಾಂಶದಲ್ಲಿ ಪೇರಿಸಿ. ನೂರು ಪಟ ಪೇರಿಸಿದರೇ ನಾಯ್ಸ್ ಹತ್ತನೇ ಒಂದಕ್ಕಿಳಿಯುತ್ತದೆ.

ಟ್ರ್ಯಾಕರ್ ಇಲ್ಲದ ಈ ಬಡತನ ಎಂ42ರ ಮಟ್ಟಿಗೆ ವರವೇ ಎಂಬುದು ನನ್ನ ಹಟ. ದುಬಾರಿ ಮೌಂಟ್ ಉಳ್ಳವರು ನಿಮಿಷಗಟ್ಟಲೆ ತೆರೆದಿಟ್ಟು ನಡುಭಾಗವನ್ನು ಬಿಳಿ ಬೋಂಡವಾಗಿಸಿ ತರುತ್ತಾರೆ. ಹೊರಗಿನ ರೆಕ್ಕೆಗಳು ಎಷ್ಟೇ ಹರಡಿದ್ದರೂ ಆ ಪಟ ನನಗೆ ಸೇರದು. ಪಟ ಕೈಗೆ ಬಂದಾಗ ಮೊದಲು ನೋಡುವುದು ಎದೆಯಲ್ಲಿ ಬೆಳಕಿನ ಏರಿಳಿತ ಉಳಿದಿದೆಯೇ ಎಂದು. ಆಮೇಲೆ ಉತ್ತರದ ಪುಟ್ಟ ನೀಹಾರಿಕೆ ಎಂ43ನ್ನು ಬೇರ್ಪಡಿಸುವ ಕಪ್ಪು ದೂಳಿನ ಪಟ್ಟಿ. ಎರಡೂ ಇದ್ದರೆ ಬಣ್ಣದ ಮಾತು ಆಡಬಹುದು.