ಬಯಲು ಬಿಟ್ಟು ದುರ್ಗ ಹಿಡಿದವರ ಆಟ

ಚೆಸ್ ಆರಂಭಗಳಲ್ಲೊಂದಾದ ಕಿಂಗ್ಸ್ ಇಂಡಿಯನ್ ಡಿಫೆನ್ಸ್‌ನಲ್ಲಿ ಕಪ್ಪು ಮೊದಲು ಬಯಲನ್ನು ಎದುರಾಳಿಗೆ ಬಿಟ್ಟುಕೊಡುತ್ತದೆ. ಬಿಳಿ ಕಾಲಾಳುಗಳು ಮಣೆಯ ನಡುವೆ ಸಾಲುಗಟ್ಟಿ ನಿಂತರೂ ತಡೆಯುವುದಿಲ್ಲ. ಕುದುರೆಯನ್ನು ಹೊರಗೆ ತಂದು, ಒಂಟೆಯನ್ನು ಜಿ7ರಲ್ಲಿ ಕೂರಿಸಿ, ಕ್ಯಾಸ್ಲಿಂಗ್ ಮಾಡಿ ಕಾಯುತ್ತದೆ. ತುಮಕೂರಿನ ಬಳಿಯ ದೇವರಾಯನದುರ್ಗ ಹತ್ತಿದವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಜಡಕನ ದುರ್ಗವಾಗಿದ್ದ ಈ ಬೆಟ್ಟಕ್ಕೆ ಈಗಿನ ಹೆಸರು ಬಂದದ್ದು ಮೈಸೂರಿನ ಚಿಕ್ಕದೇವರಾಜ ಒಡೆಯರು ಅದನ್ನು ಗೆದ್ದ ಮೇಲೆ. ಸುತ್ತಲಿನ ಬಯಲು ಯಾರದೇ ಆಗಿರಲಿ, ದುರ್ಗ ಕೈಲಿದ್ದವನ ಕತೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ.

ಈ ಆರಂಭದ ಬೇರು ದೇಸಿ ಚದುರಂಗದಲ್ಲಿದೆ. ಅಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯಬೇಕು. ಹಾಗೆ ಆಡಿ ಬೆಳೆದ ಬಂಗಾಳದ ಮಹೇಶಚಂದ್ರ ಬಂದ್ಯೋಪಾಧ್ಯಾಯರು 1855ರಲ್ಲಿ ಕಲ್ಕತ್ತಾದ ಬ್ಯಾರಿಸ್ಟರ್ ಜಾನ್ ಕಾಕ್ರೇನ್ ಎದುರು ಕಪ್ಪು ಕಾಯಿ ಹಿಡಿದರು. ಐದನೇ ನಡೆಗೆ ಬಿಳಿಯ ಸಿ, ಡಿ, ಇ, ಎಫ್ ಕಾಲಾಳುಗಳು ನಾಲ್ಕೂ ಒಂದೇ ಸಾಲಿನಲ್ಲಿದ್ದವು. ಏಳನೇ ನಡೆಯಲ್ಲಿ ಮಹೇಶಚಂದ್ರರು ಇ5ಕ್ಕೆ ಕಾಲಾಳು ನೂಕಿದರು. ಒಂಬತ್ತನೆಯದರಲ್ಲಿ ಕುದುರೆಯನ್ನೇ ಕೊಟ್ಟು ಇ4ರ ಕಾಲಾಳನ್ನು ಹೊಡೆದರು. ಆಮೇಲೆ ಅವರ ಇ ಕಾಲಾಳು ಮುಂದೆ ಬಂದು ಒಂಟೆ, ಕುದುರೆ ಎರಡಕ್ಕೂ ಒಟ್ಟಿಗೆ ಗುರಿಯಿಟ್ಟಿತು. ಕಾಕ್ರೇನರ ಇನ್ನೊಂದು ಕುದುರೆ ಇ6ಕ್ಕೆ ಹಾರಿ ಮಂತ್ರಿ, ಆನೆ ಎರಡನ್ನೂ ಹಿಡಿಯಿತು. ಮಹೇಶಚಂದ್ರರು ಮಂತ್ರಿಯನ್ನು ಸರಿಸಲಿಲ್ಲ! ಕಾಲಾಳಿನಿಂದ ಎಫ್3ರ ಕುದುರೆಯನ್ನು ಹೊಡೆದರು, ಮಂತ್ರಿ ಹೋಯಿತು, ಅದೇ ಕಾಲಾಳು ಜಿ2ಕ್ಕೆ ನುಗ್ಗಿ ಆನೆಯ ಮೇಲೆ ಬಿತ್ತು, ದಾರಿ ತೆರೆದುಕೊಂಡ ಒಂಟೆ ಬಿಳಿಯ ಮಂತ್ರಿಯನ್ನು ನುಂಗಿತು. ಆಟ ಗೆದ್ದದ್ದು ಕಪ್ಪು.

ಯೂರೋಪು ಈ ಪದ್ಧತಿಯನ್ನು ಬಹುಕಾಲ ಹಿಂಜರಿಕೆಯ ಆಟವೆಂದೇ ಎಣಿಸಿತು. 1940ರ ದಶಕದಲ್ಲಿ ಸೋವಿಯತ್ ಆಟಗಾರರಾದ ಬ್ರಾನ್‌ಸ್ಟೀನ್, ಬೊಲೆಸ್ಲಾವ್‌ಸ್ಕಿಯಂಥವರು ಆಡಿ ಗೆದ್ದ ಮೇಲಷ್ಟೇ ಯೂರೋಪಿನ ಮಾತು ಬದಲಾಯಿತು. ಆದರೆ ಈಗ ಕಲಿಯುವ ಮಕ್ಕಳಿಗೆ ಲಂಡನ್ ಸಿಸ್ಟಂ ಎಂಬ ಆರಂಭವನ್ನು ಬಾಯಿಪಾಠ ಮಾಡಿಸುವ ಗೀಳು ಹತ್ತಿದೆ. ಎದುರಾಳಿ ಏನೇ ಆಡಲಿ, ಅವವೇ ನಡೆಗಳು. ಅಂಕ ಬೇಗ ಬರುತ್ತದೆ, ಮಣೆ ನೋಡುವ ಕಣ್ಣು ಬರುವುದಿಲ್ಲ.

ಮಹೇಶಚಂದ್ರರ ಕಾಲದಲ್ಲೇ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ, ಒಂದೊಂದರಲ್ಲಿ ಒಮ್ಮೆ ಮಾತ್ರ ಕಾಲಿಡುವಂತೆ ನಡೆಸುವ ಬಂಧಗಳನ್ನು ರಚಿಸುತ್ತಿದ್ದರು. ಕುದುರೆಯ ನಡೆ ಕಣ್ಣಿಗೆ ಪಳಗಲು ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ತುಮಕೂರು, ಗುಬ್ಬಿ, ಕುಣಿಗಲ್‌ನಲ್ಲಿ ಚೆಸ್ ಕಲಿಸುವವರು ಮೊದಲ ವಾರ ಈ ಕುದುರೆಯ ಅಭ್ಯಾಸ ಮಾಡಿಸಲಿ. ಎರಡನೇ ವಾರ 1855ರ ಆಟವನ್ನು ಮಣೆಯ ಮೇಲೆ ಹೂಡಿ, ಬಿಳಿಯ ಕುದುರೆ ಇ6ಕ್ಕೆ ಹಾರುವ ಹನ್ನೆರಡನೇ ನಡೆಯಲ್ಲಿ ನಿಲ್ಲಿಸಿ, ಕಪ್ಪು ಈಗ ಏನು ಆಡಬೇಕೆಂದು ಮಕ್ಕಳನ್ನೇ ಕೇಳಲಿ.