ಪರಿಸ್ತಾನದ ಬುಲ್ಬುಲ್: ಕಾಣದ ಚಿತ್ರದ ಮಾತು

ಬೀದರಿನ ಕೋಟೆಯಲ್ಲಿ ರಂಗೀನ್ ಮಹಲನ್ನು ಕಂಡವರಿಗೆ ಗೊತ್ತು: ಕರಿಯ ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿ ಅಲ್ಲಲ್ಲಿ ಉದುರಿದ್ದರೂ ಉಳಿದ ಚೂರುಗಳಿಂದಲೇ ಕುಶಲಿಗಳ ಕೈಯನ್ನು ಅಳೆಯಬಹುದು. ಫಾತ್ಮಾ ಬೇಗಂ 1926ರಲ್ಲಿ ನಿರ್ದೇಶಿಸಿದ 'ಬುಲ್ಬುಲ್-ಎ-ಪರಿಸ್ತಾನ್' ಎಂಬ ಮೂಕಚಿತ್ರಕ್ಕೆ ಆ ಭಾಗ್ಯವೂ ಇಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ.

ಹೀಗಿರುವಾಗ ವಿಮರ್ಶಕನು ಮಾಡುವುದೇನು? ಭಾರತದ ಪ್ರಥಮ ಚಿತ್ರನಿರ್ದೇಶಕಿ ಎಂಬ ಬಿರುದನ್ನು ಕೊಟ್ಟು ಕೈತೊಳೆದುಕೊಳ್ಳುವುದು ವಾಡಿಕೆ. ಬಿರುದು ಸತ್ಯವೇ. ಆದರೆ ಮೊದಲಿಗಳಾಗುವುದು ಕಾಲದ ಮಾತು, ಕಲೆಯ ಮಾತಲ್ಲ. ಕಾಣದ ಚಿತ್ರವನ್ನು ಹೊಗಳುವುದೂ ಒಂದು ಬಗೆಯ ಉಪೇಕ್ಷೆಯೇ.

ಆಕೆಯ ಆಯ್ಕೆಗಳನ್ನಾದರೂ ನಾವು ಪರಿಶೀಲಿಸಬಹುದು. ಉರ್ದು ರಂಗಭೂಮಿಯಿಂದ ಬಂದ ಈಕೆ, ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ದಿನಗಳಲ್ಲಿ, 1922ರ 'ವೀರ ಅಭಿಮನ್ಯು' ಚಿತ್ರದಲ್ಲಿ ನಟಿಸಿದರು. ಬಳಿಕ ಸ್ವಂತ ಸಂಸ್ಥೆಯನ್ನೇ ಕಟ್ಟಿದರು. ಮೊದಲು ಕಿನ್ನರಲೋಕದ ಪ್ರಣಯಕಥೆ, 1928ರಲ್ಲಿ ಪಂಜಾಬಿನ 'ಹೀರ್ ರಾಂಝಾ', 1929ರಲ್ಲಿ 'ಶಕುಂತಲಾ'. ಪಾರಸಿ ಕಲ್ಪನೆ, ಜಾನಪದ, ಸಂಸ್ಕೃತ ನಾಟಕ ಈ ಮೂರರಲ್ಲೂ ಆಕೆ ಹುಡುಕಿದ್ದು ಪ್ರೇಮವನ್ನೇ. ಇದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಈ ಸಂಗಮದ ಅರ್ಥ ನಮ್ಮ ಸೀಮೆಯವರಿಗೆ ಬೇಗ ತಿಳಿಯುತ್ತದೆ. ಭಾಲ್ಕಿ, ಔರಾದ್‌ಗಳ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಮೂಕಚಿತ್ರವೂ ಅಂಥದೇ ಸಂತೆಯಾಗಿತ್ತು. ಬರಹದ ಫಲಕಗಳನ್ನು ಹಲವು ಲಿಪಿಗಳಲ್ಲಿ ತೋರಿಸುತ್ತಿದ್ದರು, ಅಭಿನಯಕ್ಕೆ ಭಾಷೆಯ ಗಡಿ ಇರಲಿಲ್ಲ. 1931ರಲ್ಲಿ 'ಆಲಂ ಆರಾ' ಬಂದು ಪರದೆಗೆ ದನಿ ಕೊಟ್ಟಿತು. ಅದರ ನಾಯಕಿ ಫಾತ್ಮಾ ಬೇಗಮರ ಮಗಳು ಜುಬೇದಾ! ಮಗಳು ಮಾತಾಡಿದಳು, ಅಷ್ಟರಲ್ಲಿ ತಾಯಿಯ ನಿರ್ದೇಶನದ ಕಾಲ ಮುಗಿದಿತ್ತು.

ನಮ್ಮ ದೇಶದಲ್ಲಿ ತಯಾರಾದ ಸುಮಾರು 1,300 ಮೂಕಚಿತ್ರಗಳಲ್ಲಿ ಉಳಿದಿರುವುದು ಮೂವತ್ತರಷ್ಟು ಮಾತ್ರ. ಬೇಗ ಕೆಡುವ, ಬೆಂಕಿಗೆ ತುತ್ತಾಗುವ ಫಿಲ್ಮು ಅದಕ್ಕೆ ಒಂದು ಕಾರಣ. ಇದೆಲ್ಲ ಕಾಪಾಡತಕ್ಕ ವಸ್ತುವೆಂದು ಯಾರಿಗೂ ತೋರದಿದ್ದುದು ಇನ್ನೊಂದು. ಕಲ್ಲಿನ ಮಹಲಿಗೆ ಕಾವಲುಗಾರರಿದ್ದಾರೆ; ಬೆಳಕಿನ ಮಹಲಿಗೆ ಇರಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದೇ ವಿನಂತಿ. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಸಿನೆಮಾದ ಹಳೆಯ ಜಾಹೀರಾತು ಕಾಗದವೊಂದು ಸಿಕ್ಕರೆ, ಅದನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ನೋಡಿ. ಚಿಪ್ಪಿನ ಒಂದು ಚೂರಾದರೂ ಸಿಕ್ಕೀತು.