ಪ್ರಶ್ನಾರ್ಥಕ ಚಿಹ್ನೆಗೆ ಸಂದ ಗೌರವ

1972ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿದ ಲೇಖನವೊಂದರ ಶೀರ್ಷಿಕೆ ಪ್ರಶ್ನಾರ್ಥಕ ಚಿಹ್ನೆಯಿಂದ ಕೊನೆಗೊಳ್ಳುತ್ತದೆ. ಮನುಷ್ಯನ ಆನುವಂಶಿಕ ಕಾಯಿಲೆಗೆ ಜೀನ್ ಚಿಕಿತ್ಸೆಯೇ ಎಂದು ಅದರಲ್ಲಿ ಕೇಳಿದವರು ಥಿಯೋಡರ್ ಫ್ರೀಡ್‌ಮನ್ ಮತ್ತು ರಿಚರ್ಡ್ ರಾಬ್ಲಿನ್. ಕೆಟ್ಟ ಜೀನ್ ತಂದ ಕಾಯಿಲೆಗೆ ಸರಿಯಾದ ಜೀನೇ ಮದ್ದಾಗಬಹುದು ಎಂದು ದಾರಿ ತೋರಿದ ಅವರೇ, ನಮ್ಮ ತಿಳಿವಳಿಕೆ ಇನ್ನೂ ಸಾಲದು, ರೋಗಿಗಳ ಮೇಲೆ ಈಗಲೇ ಪ್ರಯೋಗ ಬೇಡ ಎಂದೂ ತಡೆದರು. ಅದಕ್ಕೆ ಕಾರಣವಿತ್ತು. ಎರಡು ವರ್ಷ ಹಿಂದೆಯಷ್ಟೇ ಅಮೆರಿಕದ ವೈದ್ಯ ಸ್ಟ್ಯಾನ್‌ಫೀಲ್ಡ್ ರೋಜರ್ಸ್ ಅವರ ಯೋಜನೆಯಂತೆ ಜರ್ಮನಿಯ ಸಹೋದರಿಯರಿಗೆ ಮೊಲದ ವೈರಸ್ ಚುಚ್ಚಲಾಗಿತ್ತು, ಗುಣ ಕಾಣಲಿಲ್ಲ.

ಆ ಲೇಖನ ಬಂದ 43 ವರ್ಷಗಳ ನಂತರ, 2015ರಲ್ಲಿ, 5 ಕೋಟಿ ಯೆನ್ ಮೊತ್ತದ ಜಪಾನ್ ಪ್ರಶಸ್ತಿಯನ್ನು ಫ್ರೀಡ್‌ಮನ್ ಮತ್ತು ಪ್ಯಾರಿಸ್‌ನ ಮಕ್ಕಳ ವೈದ್ಯ ಅಲಾಂ ಫಿಶರ್ ಹಂಚಿಕೊಂಡರು. ಈ ಆಯ್ಕೆ ಸರಿಯಾದದ್ದು, ವಿಜ್ಞಾನದ ಪ್ರಶಸ್ತಿಗಳಲ್ಲಿ ಅಪರೂಪದ್ದು ಎಂದು ನಾನು ನಂಬುತ್ತೇನೆ.

‘ಮೊದಲು ಯಾರು’ ಎಂಬುದೊಂದೇ ಅಳತೆಗೋಲಾಗಿದ್ದರೆ ಪಟ್ಟಿ ಬೇರೆಯೇ ಆಗುತ್ತಿತ್ತು. 1990ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ನಾಲ್ಕು ವರ್ಷದ ಹುಡುಗಿಗೆ ಅವಳದೇ ರಕ್ತಕಣಗಳನ್ನು ತಿದ್ದಿ ಮರಳಿಸಿದ ತಂಡವಿದೆ. ಆದರೆ ಅವಳಿಗೆ ಕಿಣ್ವದ ಔಷಧವೂ ಮುಂದುವರಿದಿದ್ದರಿಂದ, ಗುಣದಲ್ಲಿ ಜೀನಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟವಾಗಿತ್ತು.

ಅನುಮಾನಕ್ಕೆ ಎಡೆಯಿಲ್ಲದ ಉತ್ತರ ಬಂದದ್ದು ಪ್ಯಾರಿಸ್‌ನ ನೆಕೆರ್ ಆಸ್ಪತ್ರೆಯಿಂದ. ಅಲ್ಲಿಗೆ ಬರುತ್ತಿದ್ದ ಕೆಲವು ಗಂಡುಮಕ್ಕಳಿಗೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇರಲಿಲ್ಲ. ಸಾಮಾನ್ಯ ನೆಗಡಿಯೂ ಅವರ ಜೀವ ತೆಗೆಯಬಲ್ಲದು. ಹೊಂದುವ ಅಸ್ಥಿಮಜ್ಜೆ ಸಿಗದ ಇಂಥ ಮಕ್ಕಳ ಮಜ್ಜೆಯ ಆಕರಕೋಶಗಳನ್ನು ಹೊರತೆಗೆದು, ನಿರಪಾಯವಾಗಿಸಿದ ಇಲಿಯ ವೈರಸ್ಸಿನ ಮೂಲಕ ಸರಿಯಾದ ಜೀನನ್ನು ಸೇರಿಸಿ, ಫಿಶರ್ ತಂಡ ಅವನ್ನು ಮಕ್ಕಳಿಗೇ ಮರಳಿಸಿತು. 2000ದ ಏಪ್ರಿಲ್‌ನಲ್ಲಿ ಎರಡು ಹಸುಳೆಗಳ ಫಲಿತಾಂಶ ಪ್ರಕಟವಾಯಿತು. ಸೋಂಕಿಲ್ಲದ ಕೋಣೆಯಲ್ಲಿ ದಿನ ಎಣಿಸುತ್ತಿದ್ದ ಮಕ್ಕಳು ಮನೆಗೆ ಹೋದರು.

ಕಥೆ ಇಲ್ಲಿಗೇ ನಿಂತಿದ್ದರೆ ಇದು ಇನ್ನೊಂದು ವಿಜಯಗಾಥೆ. 2002ರಲ್ಲಿ, ಚಿಕಿತ್ಸೆಯಾಗಿ ಮೂರು ವರ್ಷವೂ ತುಂಬುವ ಮೊದಲೇ, ಒಂದು ಮಗುವಿಗೆ ರಕ್ತದ ಕ್ಯಾನ್ಸರ್ ಕಾಣಿಸಿತು. ಒಟ್ಟು ನಾಲ್ಕು ಮಕ್ಕಳಿಗೆ ಬಂತು. ಒಂದು ಮಗು ತೀರಿಕೊಂಡಿತು. ವೈರಸ್ಸು ಹೊತ್ತುತಂದ ಜೀನು ಕೋಶದ ವರ್ಣತಂತುವಿನಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದ ಇನ್ನೊಂದು ಜೀನಿನ ಪಕ್ಕದಲ್ಲಿ ಹೋಗಿ ಕೂತು ಅದನ್ನು ಎಬ್ಬಿಸಿತ್ತು. ತಂಡ ಪ್ರಯೋಗ ನಿಲ್ಲಿಸಿತು, ನಡೆದದ್ದನ್ನು ಲೋಕಕ್ಕೆ ತಿಳಿಸಿತು, ಕಾರಣವನ್ನು ಹುಡುಕಿ ಪ್ರಕಟಿಸಿತು. ಪಕ್ಕದ ಜೀನನ್ನು ಎಬ್ಬಿಸುವ ಆ ಭಾಗವನ್ನು ತೆಗೆದುಹಾಕಿದ ಹೊಸ ವೈರಸ್ಸಿನ ಫಲಿತಾಂಶ 2014ರಲ್ಲಿ ಬಂದಾಗ, ಚಿಕಿತ್ಸೆ ಪಡೆದ ಒಂಬತ್ತು ಮಕ್ಕಳಲ್ಲಿ ಎಂಟು ಮಂದಿ ಬದುಕಿದ್ದರು. ಯಾರಿಗೂ ಅಲ್ಲಿಯವರೆಗೆ ಆ ಕ್ಯಾನ್ಸರ್ ಬಂದಿರಲಿಲ್ಲ.

ತಡೆದವರೊಬ್ಬರು, ತಪ್ಪಿದ್ದನ್ನು ಕಂಡು ನಿಲ್ಲಿಸಿ ತಿದ್ದಿದವರೊಬ್ಬರು. ಈ ಇಬ್ಬರನ್ನು ಒಂದೇ ವೇದಿಕೆಗೆ ಕರೆದದ್ದೇ ಪ್ರಶಸ್ತಿಯ ಹಿರಿಮೆ. ಪೆನ್ಸಿಲ್ವೇನಿಯಾದಲ್ಲಿ 1999ರಲ್ಲಿ ಜೀನ್ ಚಿಕಿತ್ಸೆಯ ಇನ್ನೊಂದು ಪ್ರಯೋಗದಲ್ಲಿ 18ರ ಹರೆಯದ ಜೆಸ್ಸಿ ಗೆಲ್ಸಿಂಜರ್ ತೀರಿಕೊಂಡದ್ದನ್ನು ನೆನೆದರೆ, ಈ ಕ್ಷೇತ್ರಕ್ಕೆ ಧೈರ್ಯದಷ್ಟೇ ತಡೆಯುವ ಕೈಯೂ ಬೇಕೆಂಬುದು ಮನದಟ್ಟಾಗುತ್ತದೆ.

ಕೊರತೆ ಇಲ್ಲದಿಲ್ಲ. ಜೀನ್ ಚಿಕಿತ್ಸೆಯ ಪರಿಕಲ್ಪನೆ ಮತ್ತು ಅದರ ಬಳಕೆಗಾಗಿ ಎನ್ನುತ್ತದೆ ಪ್ರಶಸ್ತಿಯ ಒಕ್ಕಣೆ. ಆ ಪರಿಕಲ್ಪನೆಯೊಂದಿಗೇ ಹುಟ್ಟಿದ ಎಚ್ಚರಿಕೆ ಆ ಮಾತಿನಲ್ಲಿಲ್ಲ. ಲೇಖನದ ಸಹಲೇಖಕ ರಾಬ್ಲಿನ್ ಇಲ್ಲ. 2000ದ ಪ್ರಬಂಧದ ಮೊದಲ ಹೆಸರು ಮರೀನಾ ಕವಜಾನಾ-ಕಾಲ್ವೋ ಅವರದು. ಎರಡನೆಯದು ಸಲೀಮಾ ಹಾಸೆನ್-ಬೇ ಅವರದು. ಪ್ರಯೋಗಾಲಯದಲ್ಲಿ ಆ ಕೆಲಸವನ್ನು ಕೈಯಾರೆ ಕಟ್ಟಿದ ಈ ಮಹಿಳೆಯರೂ ವೇದಿಕೆಯ ಮೇಲಿರಬೇಕಿತ್ತು. ಒಂದು ತಂಡದ ದುಡಿಮೆಯನ್ನು ಒಬ್ಬರ ಹೆಸರಿಗೆ ಬರೆಯುವ ಈ ರೂಢಿ ಬಿಡಲೇಬೇಕಾದದ್ದು.

ಎಚ್ಚರಿಕೆಯ ಮಾತು ನಮಗೂ ದೂರದ್ದಲ್ಲ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಭಾಗವಾಗಿ ವೆಲ್ಲೂರಿನ ಸಿಎಂಸಿಯಲ್ಲಿರುವ ಆಕರಕೋಶ ಕೇಂದ್ರದ ವೈದ್ಯರು, ಹಿಮೋಫಿಲಿಯಾ ಇರುವ ಐವರ ಆಕರಕೋಶಗಳಿಗೆ ಜೀನ್ ಸೇರಿಸಿ ಪಡೆದ ಫಲಿತಾಂಶವನ್ನು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಚಿಕಿತ್ಸೆಯ ನಂತರ ಅವರಲ್ಲಿ ರಕ್ತಸ್ರಾವ ನಿಂತಿತ್ತು. ಸಂತೋಷದ ಸುದ್ದಿ. ಆದರೆ ಆ ಐವರನ್ನು ಇನ್ನೂ ಹಲವು ವರ್ಷ ಬಿಡದೆ ಪರೀಕ್ಷಿಸುತ್ತಿರಬೇಕು ಎಂಬುದು ಪ್ಯಾರಿಸ್‌ನ ಮಕ್ಕಳು ಕಲಿಸಿಹೋದ ಪಾಠ. ಮುಂದೆ ಈ ದಾರಿಯಲ್ಲಿ ನಡೆಯುವವರನ್ನು ಗೌರವಿಸುವಾಗ ಎಷ್ಟು ಬೇಗ ಹೊರಟರು ಎಂದಷ್ಟೇ ಕೇಳುವುದು ಬೇಡ. ಎಲ್ಲಿ ನಿಂತರು, ನಿಂತು ಏನನ್ನು ತಿದ್ದಿದರು ಎಂದೂ ಕೇಳೋಣ.